ಊರಿಗೆಲ್ಲ ಅತ್ತಿಗೆ, ಜೋಡಿ ಸಿಲಿಂಡರಿಗೆ ಮೇಸ್ತ್ರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿರುವ ತಗಡಿನ ಶೆಡ್ಡಿನ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಒಂದೇ ಒಂದು ದೀಪ ಉರಿಯುತ್ತಿದೆ, ಅದೂ ಒಂದು ಮೋಟಾರ್ ಸೈಕಲ್ಲಿನ ಪಕ್ಕೆಯಲ್ಲಿ. ಪೆಟ್ರೋಲ್ ಟ್ಯಾಂಕನ್ನು ಎತ್ತಿ, ಕಬ್ಬಿಣದ ಸರಳು ಕೊಟ್ಟು ನಿಲ್ಲಿಸಿದ್ದಾರೆ. ಐವತ್ತು ದಾಟಿದ ಹೆಂಗಸೊಬ್ಬರು ಗೋಣಿಚೀಲದ ಮೇಲೆ ಮೊಣಕಾಲೂರಿ ಕೂತು ಇಂಜಿನ್ನಿನ ಮೇಲೆ ಅಂಗೈ ಇಟ್ಟು ನೋಡುತ್ತಾರೆ, ಒಲೆಯ ಮೇಲಿನ ಹಂಚು ಕಾದಿದೆಯೇ ಎಂದು ನೋಡುವವರ ಹಾಗೆ. ಇವರಿಗೆ ಮಾತ್ರ ಅದು ಕಾದಿರಬಾರದು. ತಣ್ಣಗಿದೆ. ಸಮಾಧಾನವಾಗಿ ಅವರು ತೆಳ್ಳನೆಯ ಉಕ್ಕಿನ ಪಟ್ಟಿಗಳ ಗೊಂಚಲನ್ನು ಕೈಗೆತ್ತಿಕೊಳ್ಳುತ್ತಾರೆ.

"ಬಿಸಿಲು ತಗಡಿಗೆ ಬಿತ್ತು ಅಂದ್ರೆ ಈ ಕೆಲಸ ಆಗಲ್ಲ" ಎನ್ನುತ್ತಾರೆ, ತಲೆ ಎತ್ತದೆಯೇ. "ಲೋಹ ಹಿಗ್ಗಿಬಿಡುತ್ತೆ. ಹಿಗ್ಗಿದ ಮೇಲೆ ಅಳತೆ ಹಿಡಿಯೋದು, ಊಟ ಆದ ಮೇಲೆ ಸೊಂಟದ ಅಳತೆ ತಗೊಂಡ ಹಾಗೆ."

ಇಂಜಿನ್ನಿನ ತಲೆಯೊಳಗೆ ಪುಟ್ಟ ಬಾಗಿಲುಗಳಂತೆ ತೆರೆದು ಮುಚ್ಚುವ ವಾಲ್ವುಗಳಿವೆ. ಅವುಗಳಿಗೂ ಅವನ್ನು ತಳ್ಳುವ ಕೈಗಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಆ ಸಂದಿಯಲ್ಲಿ ಉಕ್ಕಿನ ಪಟ್ಟಿಯನ್ನು ತೂರಿಸಿ ನಿಧಾನ ಎಳೆಯುತ್ತಾರೆ. ಪಟ್ಟಿ ಜಾರಿ ಬರಬಾರದು, ಸಿಕ್ಕಿಕೊಳ್ಳಲೂ ಬಾರದು. ಬೆರಳಿಗೆ ಒಂಚೂರು ತಡೆ ಸಿಗಬೇಕು. ಎಷ್ಟು ತಡೆ ಎಂದು ಕೇಳಿದರೆ ಬಾಯಲ್ಲಿ ಹೇಳಲು ಬರುವುದಿಲ್ಲವಂತೆ. ಹೊಲಿಗೆ ಯಂತ್ರದಲ್ಲಿ ದಾರದ ಬಿಗಿ ನೋಡಿ ಗೊತ್ತಿದ್ದವರಿಗೆ ಮಾತ್ರ ಹೇಳಬಹುದಂತೆ.

ಅವರಿಗೆ ಅದು ಗೊತ್ತು. ಮದುವೆಗೆ ಮುಂಚೆಯೂ ಆಮೇಲೆ ಬಹಳ ವರ್ಷವೂ ಅವರು ಕೋಟು ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡಿದವರು. ಈ ಶೆಡ್ಡು ಗಂಡನದು. ಗಿರಾಕಿಗಳನ್ನು ಮಾತಾಡಿಸಿ ಗಾಡಿ ಒಳಗೆ ತಳ್ಳಿಕೊಳ್ಳುವವನು ಮೈದುನ. ಅವನು ದಿನಕ್ಕೆ ನೂರು ಸಲ "ಅತ್ತಿಗೆ, ಇದು ನೋಡಿ", "ಅತ್ತಿಗೆ, ಅದು ಎಲ್ಲಿ" ಎಂದು ಕೂಗಿ ಕೂಗಿ ಈಗ ಗಿರಾಕಿಗಳಿಗೂ ಅವರು ಅತ್ತಿಗೆ, ಎದುರಿನ ಬ್ರೆಡ್ ಅಂಗಡಿಯವನಿಗೂ ಅತ್ತಿಗೆ, ಬೀಟಿಗೆ ಬರುವ ಪೊಲೀಸಪ್ಪನಿಗೂ ಅತ್ತಿಗೆ. ಅಜ್ಜನ ವಯಸ್ಸಿನವರೊಬ್ಬರು ಹಾಗೆ ಕರೆದಾಗ ಮಾತ್ರ ಅವರಿಗೆ ನಗು ತಡೆಯಲಾಗಲಿಲ್ಲವಂತೆ.

ಗಂಡನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಾರೆ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದಾರೆ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು. ಬಿಟ್ಟರೆ ಆ ಕೈ ತನ್ನ ಪಾಡಿಗೆ ನಡುಗುತ್ತದೆ. ನರದ ಕಾಯಿಲೆ. ಮೊದಲು ಬೆರಳು ಅದುರಿತು, ಆಮೇಲೆ ಮಣಿಕಟ್ಟು. ಒಂದು ದಿನ ತೆರೆದ ಇಂಜಿನ್ನಿನೊಳಗೆ ಸಣ್ಣ ಬಿಲ್ಲೆಯೊಂದು ಕೈಜಾರಿ ಬಿತ್ತು. ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಹಗಲು ಮುಗಿದಿತ್ತು. ಮರುದಿನ ಹೆಂಡತಿ ಬುತ್ತಿ ತಂದಾಗ ಅವರು ಕೈಲಿದ್ದ ಉಕ್ಕಿನ ಪಟ್ಟಿಯನ್ನು ಆಕೆಯ ಕಡೆ ಚಾಚಿ, "ಹಿಡಿ ಇದನ್ನ" ಎಂದರಂತೆ, ಅಷ್ಟೇ. ಬುತ್ತಿ ಹಾಗೇ ಆರಿಹೋಯಿತು.

ಮೊದಮೊದಲು ಮೇಸ್ತ್ರಿಯ ಕಣ್ಣು, ಅತ್ತಿಗೆಯ ಕೈ. ಅವರು ಹೇಳುವುದು, ಇವರು ಮಾಡುವುದು. ಬಂದ ಗಿರಾಕಿಗಳು ಇವರ ತಲೆಯ ಮೇಲಿಂದ ಇಣುಕಿ "ಮೇಸ್ತ್ರಿ ಇಲ್ವಾ?" ಎನ್ನುತ್ತಿದ್ದರು. ಮೇಸ್ತ್ರಿ ಕುರ್ಚಿಯಿಂದಲೇ "ನಿಮ್ಮ ಮುಂದೇನೇ ಕೂತಿದ್ದಾಳಲ್ಲ" ಎಂದು ಗದರುತ್ತಿದ್ದರು. ಹೆಂಡತಿಯನ್ನು ಎದುರಿಗೆ ಹೊಗಳಿದ್ದು ಅದೊಂದೇ ಬಗೆಯಲ್ಲಿ. ಈಗ ಕಣ್ಣೂ ಇವರದೇ, ಕೈಯೂ ಇವರದೇ. ಕಿವಿ ಮಾತ್ರ ಇನ್ನೂ ಮೇಸ್ತ್ರಿಯದು. ಬೀದಿಯ ತಿರುವಿನಲ್ಲಿ ಗಾಡಿ ಬರುವಾಗಲೇ ಅದರ ಸರಪಳಿ ಸಡಿಲವೋ ಬಿಗಿಯೋ ಹೇಳಿಬಿಡುತ್ತಾರೆ. ಹೆಂಡತಿಯ ಬಗ್ಗೆ ಅವರ ದೂರೂ ಒಂದಿದೆ. "ಗಾಡಿ ಸರಿಹೋದ್ರೆ ಇವಳಿಗೆ ಸಾಲಲ್ಲ. ಯಾಕೆ ಕೆಟ್ಟಿತ್ತು ಅಂತ ಗೊತ್ತಾಗೋ ತನಕ ನನಗೂ ನಿದ್ದೆ ಇಲ್ಲ, ಅವಳಿಗೂ ಇಲ್ಲ."

ಇಲ್ಲಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಒಂದೇ ಜಾತಿಯವು. ಮುಂದಕ್ಕೆ ಬಾಗಿ ಓಡಿಸುವ, ಮೈಕಟ್ಟು ಬಿಗಿಯಾದ ವಿ-ಟ್ವಿನ್, ಅಂದರೆ ಜೋಡಿ ಸಿಲಿಂಡರಿನ ಗಾಡಿ. ಎರಡು ಬೆರಳು ಅಗಲಿಸಿ ಹಿಡಿದಂತೆ ಒಂದು ಸಿಲಿಂಡರ್ ಮುಂದಿನ ಚಕ್ರದ ಕಡೆ ಚಾಚಿಕೊಂಡಿರುತ್ತದೆ, ಇನ್ನೊಂದು ಸವಾರನ ಮೊಣಕಾಲುಗಳ ನಡುವೆ ನೆಟ್ಟಗೆ ನಿಂತಿರುತ್ತದೆ. ಓಡುವಾಗ ಎದೆ ಬಡಿದಂಥ ಸದ್ದು. ಆ ಸದ್ದಿಗೆ ಮನಸೋತವರು ಬಹಳ, ಕೊಳ್ಳಲು ಹೆದರುವವರು ಇನ್ನೂ ಬಹಳ. ಎರಡು ಸಿಲಿಂಡರ್ ಎಂದರೆ ಎರಡು ತಲೆನೋವು ಎಂಬುದು ಬೀದಿಯ ಮಾತು. ಹಳೇ ಗಾಡಿ ಕೊಳ್ಳುವವರು ಅತ್ತಿಗೆಯ ಹತ್ತಿರ ಬಂದು ಇದನ್ನು ನಂಬಬಹುದೇ ಎಂದು ಕೇಳುತ್ತಾರೆ. ಅತ್ತಿಗೆ ಗಾಡಿಯನ್ನು ಬಿಟ್ಟು ಅದರ ಹಳೇ ಯಜಮಾನನ ವಿಚಾರಣೆಗೆ ತೊಡಗುತ್ತಾರೆ. ಎಣ್ಣೆ ಕಪ್ಪಾಗುವ ತನಕ ಬಿಟ್ಟಿದ್ದಾನೋ, ಸರಪಳಿಗೆ ಎಣ್ಣೆ ತೋರಿಸಿದ್ದಾನೋ, ರೇಡಿಯೇಟರಿನ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆಯೋ. ಕೊನೆಗೆ ಸ್ಕ್ರೂಗಳ ತಲೆ ನೋಡುತ್ತಾರೆ. "ತಲೆ ಸವೆದಿದ್ರೆ ಯಾರೋ ಕೋಪದಲ್ಲಿ ಕೈ ಹಾಕಿದ್ದಾರೆ ಅಂತ. ಅಂಥ ಗಾಡಿ ನಾನು ಬೇಡ ಅಂತೀನಿ. ಇಂಜಿನ್ ತಪ್ಪಲ್ಲ ಅದು, ಆದ್ರೂ ಬೇಡ."

ಜೋಡಿ ಸಿಲಿಂಡರಿನ ಸಂಸಾರದ ಬಗ್ಗೆ ಅವರದೊಂದು ವಿವರಣೆ ಇದೆ. ಹೊಸ ಗಿರಾಕಿಗಳಿಗೆಲ್ಲ ಹೇಳುತ್ತಾರೆ: "ಮುಂದಿನದು ಮಾವ. ಜಗಲಿ ಮೇಲೆ ಗಾಳಿಗೆ ಕೂತಿರುತ್ತೆ. ಹಿಂದಿನದು ಸೊಸೆ. ಒಳಗೆ ಬೇಗೆಯಲ್ಲಿ ಬೇಯ್ತಿರುತ್ತೆ. ಮನೇಲಿ ಏನು ಕೆಟ್ಟರೂ ಎಲ್ಲರೂ ಮೊದಲು ನೋಡೋದು ಸೊಸೆ ಮುಖಾನೇ." ಈ ಮಾತನ್ನು ಅವರು ನಗುತ್ತಲೇ ಹೇಳುತ್ತಾರೆ. ಆದರೆ ಕಳೆದ ಮಳೆಗಾಲದಲ್ಲಿ ಒಂದು ಕೆಂಪು ಗಾಡಿ ಅವರಿಗೂ ಅದೇ ಪಾಠ ಕಲಿಸಿತು.

ಗಾಡಿ ಒಬ್ಬ ಹುಡುಗಿಯದು. ಊರಿನ ಸಣ್ಣ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ದೊಡ್ಡ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದು ಬಿಳಿ ಪೆಟ್ಟಿಗೆ ಕಟ್ಟಿಕೊಂಡಿರುತ್ತಾಳಾದ್ದರಿಂದ ಶೆಡ್ಡಿನಲ್ಲಿ ಅವಳ ಹೆಸರು ಪೆಟ್ಟಿಗೆ. ವರ್ಷಗಟ್ಟಲೆ ಆಸೆಪಟ್ಟು, ಹಳೇದಾದರೂ ಒಳ್ಳೇದನ್ನೇ ಹುಡುಕಿ ಕೊಂಡ ಗಾಡಿ. ಕೊಳ್ಳುವಾಗ ಸ್ಕ್ರೂಗಳ ತಲೆ ನೋಡಿ ತಗೋ ಎಂದವರೂ ಅತ್ತಿಗೆಯೇ.

ಬೇಸಿಗೆಯಲ್ಲೆಲ್ಲ ಗಾಡಿ ಚಿನ್ನ. ಮೊದಲ ಜೋರು ಮಳೆಗೆ ನಡುರಸ್ತೆಯಲ್ಲಿ ಗುಕ್ಕು ಗುಕ್ಕು ಎಂದು ಕೆಮ್ಮಿ ಸಿಗ್ನಲ್ಲಿನ ಹತ್ತಿರ ನಿಂತುಬಿಟ್ಟಿತು. ಪೆಟ್ಟಿಗೆ ಅದನ್ನು ತಳ್ಳಿಕೊಂಡು ಶೆಡ್ಡಿಗೆ ತಂದಳು. ಇಲ್ಲಿ ಸ್ವಿಚ್ ಒತ್ತಿದರೆ ಗಾಡಿ ಏನೂ ಆಗದವರ ಹಾಗೆ ಎದ್ದು ಹಾಡಿತು. ಅತ್ತಿಗೆ ಎಲ್ಲರಂತೆ ಹಿಂದಿನ ಸಿಲಿಂಡರನ್ನೇ ಹಿಡಿದರು. ಅದರ ವಾಲ್ವು ನೋಡಿದರು, ಅದರ ತಂತಿಗಳನ್ನು ಬಿಚ್ಚಿ ಕಟ್ಟಿದರು. ಕಿಡಿ ಕೊಡುವ ಕಾಯಿಲ್ ಕೆಟ್ಟಿರಬೇಕೆಂದು ಮೇಸ್ತ್ರಿ ಹಟ ಹಿಡಿದದ್ದರಿಂದ ಅದನ್ನೂ ಬದಲಾಯಿಸಿದರು. ಮುಂದಿನ ಮಳೆಗೆ ಗಾಡಿ ಮತ್ತೆ ನಿಂತಿತು, ಈ ಸಲ ಸೇತುವೆಯ ಮೇಲೆ. ಹಿಂದಿದ್ದ ಲಾರಿ ಬ್ರೇಕ್ ಹಾಕಿದ ಸದ್ದು ಇನ್ನೂ ಕಿವಿಯಲ್ಲಿದೆ ಎಂದು ಪೆಟ್ಟಿಗೆ ಹೇಳಿದಳು. ಸರಿ ಇದೆ ಹೋಗು ಎಂದು ಕಳಿಸಿದ್ದು ಅತ್ತಿಗೆಯೇ ಅಲ್ಲವೇ. ಲ್ಯಾಬಿನವರೂ ಸುಮ್ಮನಿರಲಿಲ್ಲ. ಇನ್ನೊಂದು ಸಲ ಸ್ಯಾಂಪಲ್ಲು ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು.

ಗಾಡಿಯನ್ನು ಮತ್ತೆ ಶೆಡ್ಡಿನಲ್ಲಿ ಬಿಟ್ಟು, ಅವಳು ಗೆಳತಿಯ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗತೊಡಗಿದಳು. ಅತ್ತಿಗೆ ಪೈಪು ಹಿಡಿದು ಗಾಡಿಯ ಮೇಲೆ ನೀರು ಸುರಿದು ನೋಡಿದರು. ಮೇಲಿಂದ, ಪಕ್ಕದಿಂದ, ಸೀಟಿನ ಕೆಳಗೆ. ಗಾಡಿ ಸ್ನಾನ ಮಾಡಿಸಿಕೊಂಡ ಎಮ್ಮೆಯಂತೆ ನೆಮ್ಮದಿಯಾಗಿ ಗುರುಗುಡುತ್ತ ನಿಂತೇ ಇತ್ತು. ಮಳೆಯಲ್ಲಿ ನಿಲ್ಲುವ ಗಾಡಿ ಪೈಪಿನ ನೀರಿಗೆ ಯಾಕೆ ನಿಲ್ಲುವುದಿಲ್ಲ? ಊಟಕ್ಕೆ ಕೂತಾಗಲೂ ಅವರಿಗೆ ಅದೇ ಯೋಚನೆ.

ಹಾಗಿರುವಾಗ ಒಂದು ಬೆಳಿಗ್ಗೆ ಶಟರ್ ತೆಗೆಯುವುದಕ್ಕೂ ಪೆಟ್ಟಿಗೆಯ ಅಪ್ಪ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಅವರು ಜೀವಮಾನವೆಲ್ಲ ಬಸ್ ಓಡಿಸಿ ನಿವೃತ್ತರಾದವರು. ಕೊಟ್ಟ ಚಹಾ ಕುಡಿಯಲಿಲ್ಲ. ಸುತ್ತಿ ಬಳಸದೆ ಬಂದ ವಿಷಯ ಹೇಳಿದರು. ಬಸ್ಸಿನ ಸೀಟಿನಿಂದ ನೋಡುವವರಿಗೆ ಎರಡು ಗಾಲಿಯವರು ಕಾಲಡಿ ಓಡಾಡುವ ಇರುವೆಗಳ ಹಾಗೆ ಕಾಣುತ್ತಾರಂತೆ. ಯಾರು ಯಾವಾಗ ಚಕ್ರದಡಿ ಬರುತ್ತಾರೋ ಎಂದು ಹೆದರಿ ಹೆದರಿಯೇ ಕೂದಲು ಬೆಳ್ಳಗಾಯಿತಂತೆ. ಮಗಳಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲ. ಆದರೆ ಅತ್ತಿಗೆಯ ಮಾತು ಅವಳಿಗೆ ವೇದವಾಕ್ಯ.

"ಇದು ರಿಪೇರಿ ಆಗಲ್ಲ, ಮಾರಿಬಿಡು ಅಂತ ನೀವೊಂದು ಮಾತು ಹೇಳಿ ಸಾಕು" ಎಂದರು. "ಸುಳ್ಳು ಅಂತ ಅಂದ್ಕೋಬೇಡಿ. ನಿಮಗೂ ಕಾರಣ ಇನ್ನೂ ಸಿಕ್ಕಿಲ್ಲವಲ್ಲ."

ಮನುಷ್ಯ ಕೇಳಿದ್ದರಲ್ಲಿ ತಪ್ಪೇನಿದೆ ಎಂದು ಅತ್ತಿಗೆಗೂ ಅನ್ನಿಸಿತು. ಎರಡು ಸಲ ಕೈಕೊಟ್ಟ ಗಾಡಿ. ಮೂರನೇ ಸಲ ಹಿಂದಿನ ಲಾರಿಯವನು ನಿದ್ದೆಗಣ್ಣಿನಲ್ಲಿದ್ದರೆ? ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಹೇಳಿಬಿಡು ಎನ್ನುವಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಅತ್ತಿಗೆ ಹೇಳಿಬಿಡುತ್ತಿದ್ದರೋ ಏನೋ. ಅಷ್ಟರಲ್ಲಿ ತಗಡಿನ ಮೇಲೆ ಪಟಪಟ ಹನಿ ಬಿದ್ದು, ನೋಡ ನೋಡುತ್ತ ಮಳೆ ಧೋ ಎಂದು ಹಿಡಿದುಕೊಂಡಿತು. ಅತ್ತಿಗೆ ಎದ್ದು, ಗೂಟದಿಂದ ಎರಡು ಹೆಲ್ಮೆಟ್ ತೆಗೆದು, ಒಂದನ್ನು ಆ ಹಳೇ ಬಸ್ ಡ್ರೈವರಿಗೆ ಚಾಚಿದರು.

"ಹತ್ತಿ ಅಣ್ಣ. ಒಂದು ಸುತ್ತು ಹೋಗಿಬರೋಣ. ಇವತ್ತೂ ಸಿಗಲಿಲ್ಲ ಅಂದ್ರೆ ನೀವು ಹೇಳಿದ ಹಾಗೆ ಹೇಳ್ತೀನಿ."

ಅಷ್ಟು ವರ್ಷ ಊರಿಗೆ ಊರನ್ನೇ ಹೊತ್ತು ತಿರುಗಿದ ಮನುಷ್ಯ ಮಗಳ ಗಾಡಿಯ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹಿಂದಿನ ಹಿಡಿಕೆಯನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಗಾಡಿ ವಾಲಿದಾಗಲೆಲ್ಲ ಅವರು ವಾಲದೆ ಕಂಬದಂತೆ ನೆಟ್ಟಗಿದ್ದರು, ಅದರಿಂದ ತಿರುವಿನಲ್ಲಿ ಗಾಡಿ ತಿರುಗಿಸುವುದು ಇನ್ನಷ್ಟು ಕಷ್ಟವಾಯಿತು. ಅತ್ತಿಗೆ ಗೂಡ್ಸ್ ಗೋದಾಮಿನ ಹಿಂದಿನ ಖಾಲಿ ರಸ್ತೆ ಹಿಡಿದರು. ಗುಂಡಿ ಗುಂಡಿಯಲ್ಲೂ ನೀರು. ಮೊದಲು ಏನೂ ಆಗಲಿಲ್ಲ. ಆಮೇಲೆ ಹೃದಯದ ಒಂದು ಬಡಿತ ತಪ್ಪಿದ ಹಾಗೆ ಸದ್ದು ಕುಂಟಿತು. ಇನ್ನೊಂದು ಬಡಿತ ತಪ್ಪಿತು. ಗಾಡಿ ಒಂದು ಕಾಲಿನಲ್ಲಿ ಕುಪ್ಪಳಿಸುವ ಮಗುವಿನಂತೆ ಮುಗ್ಗರಿಸತೊಡಗಿತು. ಹೆಂಗಸು ಹೆದರುತ್ತಾಳೆ ಎಂದು ಡ್ರೈವರ್ ಅಂದುಕೊಂಡರೆ, ಆಕೆ ಹೆಲ್ಮೆಟ್ಟಿನೊಳಗೆ "ಬಂತು, ಬಂತು" ಎಂದು ಖುಷಿಯಲ್ಲಿ ಗೊಣಗುತ್ತಿದ್ದರಂತೆ. ಹಾಗೇ ಕುಂಟಿಸಿಕೊಂಡು ಸ್ವಲ್ಪ ದೂರ ಓಡಿಸಿ ಬಸ್ ಸ್ಟಾಪಿನ ಸೂರಿನ ಅಂಚಿಗೆ ತಂದು ನಿಲ್ಲಿಸಿದರು. ಇಂಜಿನ್ ಆರಿತು.

ಅತ್ತಿಗೆ ತಕ್ಷಣ ಏನನ್ನೂ ಬಿಚ್ಚಲಿಲ್ಲ. ಕುಕ್ಕರಗಾಲಲ್ಲಿ ಕೂತು ನೋಡಿದರು. ಸೂರಿನಿಂದ ತೊಟ್ಟಿಕ್ಕುವ ಹನಿಗಳು ಹಿಂದಿನ ಸಿಲಿಂಡರಿನ ಹೊಗೆ ಕೊಳವೆಯ ಮೇಲೆ ಬಿದ್ದು ಚುಯ್ ಎಂದು ಹಬೆಯಾಗುತ್ತಿದ್ದವು. ಮುಂದಿನದರ ಮೇಲೆ ಬಿದ್ದವು ಸದ್ದಿಲ್ಲದೆ ಜಾರಿ ಹೋಗುತ್ತಿದ್ದವು. ಆ ಮುಂದಿನ ಕೊಳವೆಯನ್ನು ಬರಿಗೈಲಿ ಮುಟ್ಟಿ ನೋಡಿದರು. ಸ್ವಲ್ಪ ಬೆಚ್ಚಗಿತ್ತು ಅಷ್ಟೇ. ಇಷ್ಟು ದಿನ ಸೊಸೆಯ ಮೇಲೆ ಅನುಮಾನಪಟ್ಟದ್ದೇ ಬಂತು, ಕೆಲಸ ಬಿಟ್ಟು ಕೂತಿದ್ದವನು ಜಗಲಿಯ ಮಾವ.

ಮುಂದಿನ ಸಿಲಿಂಡರಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಒಂದು ಸಣ್ಣ ಕುಳಿಯೊಳಗೆ ಕೂತಿರುತ್ತದೆ, ಮುಂದಿನ ಚಕ್ರಕ್ಕೆ ಮುಖ ಮಾಡಿಕೊಂಡು. ಓಡುವ ಚಕ್ರ ರಸ್ತೆಯ ನೀರನ್ನು ಕೆಳಗಿನಿಂದ ಎತ್ತಿ ಅದಕ್ಕೇ ಎರಚುತ್ತದೆ. ನಿಂತ ಗಾಡಿಗೆ ಮೇಲಿಂದ ಪೈಪು ಹಿಡಿದರೆ ಆ ಜಾಗಕ್ಕೆ ಹನಿಯೂ ಹೋಗುವುದಿಲ್ಲ. ಗಾಡಿ ಮಾಡಿದವರು ಇದನ್ನು ಯೋಚಿಸಿಯೇ ಕುಳಿಯ ತಳದಿಂದ ನೀರು ಹೊರಗೆ ಹೋಗಲು ಸಿಲಿಂಡರಿನ ಪಕ್ಕದಲ್ಲಿ ಒಂದು ತೂತು ಬಿಟ್ಟಿದ್ದಾರೆ. ಅತ್ತಿಗೆ ಬೆರಳಾಡಿಸಿ ಹುಡುಕಿದರು. ತೂತು ಇದ್ದ ಕಡೆ ಗಟ್ಟಿ ಮಣ್ಣು. ಕುಳಿಯಲ್ಲಿ ತುಂಬಿದ ನೀರಿಗೆ ಹೋಗಲು ದಾರಿಯಿಲ್ಲ, ನೀರಲ್ಲಿ ಮುಳುಗಿದ ಪ್ಲಗ್ಗಿಗೆ ಕಿಡಿಯಿಲ್ಲ. ಶೆಡ್ಡಿಗೆ ತಳ್ಳಿಕೊಂಡು ಬರುವಷ್ಟರಲ್ಲಿ ಇಂಜಿನ್ನಿನ ಕಾವಿಗೆ ನೀರು ಆರಿಹೋಗಿ ಎಲ್ಲವೂ ಮೊದಲಿನಂತೆ.

ಕಡ್ಡಿ ಬೇಕಿತ್ತು. ಡ್ರೈವರ್ ಸುತ್ತ ನೋಡಿ, ಬಸ್ ಸ್ಟಾಪ್ ಗುಡಿಸುವವರು ಮೂಲೆಗೊರಗಿಸಿದ್ದ ಪೊರಕೆಯಿಂದ ಒಂದು ಕಡ್ಡಿ ಮುರಿದು ತಂದು ಕೊಟ್ಟರು. ಅತ್ತಿಗೆ ಚುಚ್ಚಿ ಆಡಿಸಿದರು. ಮೊದಲು ಮಣ್ಣಿನ ಬಿರಡೆ ಉದುರಿತು. ಹಿಂದೆಯೇ ಕೊಳೆನೀರು ಸಣ್ಣ ಧಾರೆಯಾಗಿ ಇಳಿದು ಡ್ರೈವರರ ಚಪ್ಪಲಿಯ ಮೇಲೆ ಬಿತ್ತು. ಅವರು ಕಾಲು ಹಿಂದಕ್ಕೆ ತೆಗೆಯದೆ ಅದನ್ನೇ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಒತ್ತಿದಾಗ ಗಾಡಿ ಮೊದಲು ಕುಂಟಿ, ಆಮೇಲೆ ಎರಡೂ ಕಾಲೂರಿ ಎದ್ದು ನಿಂತಿತು.

ಮಳೆ ಬಿಡುವ ತನಕ ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ಡ್ರೈವರ್ ಮೆಲ್ಲಗೆ ಕೇಳಿದರು.

"ಇದನ್ನ ಅವಳಿಗೆ ಹೇಳಲೇಬೇಕಾ?"

ಅತ್ತಿಗೆ ಅವರಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಅವರ ಭಯ ಸುಳ್ಳಲ್ಲ ಎಂದು ಗೊತ್ತಿತ್ತು. ಈ ತೂತು ಸರಿಹೋದ ಮಾತ್ರಕ್ಕೆ ರಸ್ತೆಯ ಲಾರಿಗಳೆಲ್ಲ ಸಾಧುಗಳಾಗುವುದಿಲ್ಲ.

"ನಾನು ಹೇಳಲ್ಲ ಅಣ್ಣ" ಎಂದರು. "ನೋಡಿದ್ದು ನಾವಿಬ್ಬರೇ. ನೀವೇ ಹೇಳಿ, ಇಲ್ಲಾ ಬಿಡಿ. ನನ್ನನ್ನ ಕೇಳಿದ್ರೆ ಮಾತ್ರ ಇದ್ದದ್ದು ಹೇಳ್ತೀನಿ."

ಸಂಜೆ ಪೆಟ್ಟಿಗೆ ಬಂದಳು. ಕೆಲಸ ಮುಗಿಸಿ, ಬಿಳಿ ಪೆಟ್ಟಿಗೆಯನ್ನು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದಳು. ಶೆಡ್ಡಿನಲ್ಲಿ ಅಪ್ಪ ಕೂತಿರುವುದನ್ನು ಕಂಡವಳೇ ಮುಖ ಗಂಟಿಕ್ಕಿದಳು. ಮಾರುವ ಮಾತು ಬರುತ್ತದೆ ಎಂದು ಅವಳಿಗೂ ಗೊತ್ತಿದ್ದಿರಬೇಕು. ಅತ್ತಿಗೆ ಬೇರೆ ಯಾವುದೋ ಗಾಡಿಯ ಸರಪಳಿ ತೊಳೆಯುತ್ತಿದ್ದರು. ಅದು ಆಗಲೇ ತೊಳೆದು ಒಣಗಿದ ಸರಪಳಿ ಎಂದು ಮೇಸ್ತ್ರಿ ಈಗಲೂ ಗೇಲಿ ಮಾಡುತ್ತಾರೆ. ಮೈದುನ ಏನೋ ಹೇಳಲು ಬಾಯಿ ತೆರೆದು, ಅಣ್ಣನ ಮುಖ ನೋಡಿ ಮುಚ್ಚಿಕೊಂಡ.

ಡ್ರೈವರ್ ಎದ್ದು, ಮಂಡಿ ಹಿಡಿದುಕೊಂಡು ಕೆಂಪು ಗಾಡಿಯ ಪಕ್ಕ ಕೂತರು. ಜೇಬಿನಿಂದ ಪೊರಕೆ ಕಡ್ಡಿ ತೆಗೆದರು. ಬೆಳಗಿನಿಂದ ಅದು ಅಲ್ಲೇ ಇತ್ತು.

"ಬಾ ಇಲ್ಲಿ. ಈ ತೂತು ಕಾಣುತ್ತಾ? ಇದು ಕಟ್ಟಿಕೊಂಡಿತ್ತು. ಬೇರೇನಿಲ್ಲ. ಮಳೆಗಾಲಕ್ಕೆ ಮುಂಚೆ ಇಲ್ಲಿ ಕಡ್ಡಿ ಆಡಿಸ್ಬೇಕಂತೆ." ಕಡ್ಡಿಯನ್ನು ಮತ್ತೆ ಜೇಬಿಗೆ ಸೇರಿಸಿ, "ನಾನೇ ಆಡಿಸ್ತೀನಿ ಬಿಡು" ಎಂದರು.

ಮಗಳು ಅಪ್ಪನ ಪಕ್ಕ ಕೂತು ತೂತನ್ನು ನೋಡಿದಳು, ಅಪ್ಪನನ್ನೂ ನೋಡಿದಳು. ಒದ್ದೆಯಾಗಿ ಒಣಗಿ ಮುದುಡಿದ್ದ ಅವರ ಅಂಗಿ ಕಂಡು ಇವರು ಗಾಡಿ ಹತ್ತಿದ್ದಾರೆ ಎಂದು ಅವಳಿಗೆ ಅರ್ಥವಾಯಿತು. ಮನೆಗೆ ಬಸ್ಸಲ್ಲಿ ಬರ್ತೀಯೋ ನನ್ನ ಜೊತೆ ಬರ್ತೀಯೋ ಎಂದಷ್ಟೇ ಕೇಳಿದಳು. ಡ್ರೈವರ್ ಬಹಳ ಯೋಚನೆ ಮಾಡಿದವರಂತೆ, ನಿಧಾನ ಓಡಿಸುವುದಾದರೆ ಬರುತ್ತೇನೆ ಎಂದರು. ತಿರುವಿನಲ್ಲಿ ಗಾಡಿಯ ಜೊತೆ ವಾಲಬೇಕು ಎಂದು ಅತ್ತಿಗೆ ಹಿಂದಿನಿಂದ ಕೂಗಿ ಹೇಳಿದರಂತೆ. ಬೀದಿಯ ಕೊನೆಯ ತಿರುವಿನಲ್ಲಿ ಅವರು ಒಂಚೂರು ವಾಲಿದ್ದನ್ನು ಮೈದುನ ಕಣ್ಣಾರೆ ಕಂಡನಂತೆ.

ಪೆಟ್ಟಿಗೆಯ ಕೆಲಸ ಉಳಿಯಿತು. ಮಳೆಗಾಲ ಮುಗಿಯುವ ತನಕ ಗಾಡಿ ಮತ್ತೆ ನಿಲ್ಲಲಿಲ್ಲ. ಮುಂದಿನ ಮಡ್‌ಗಾರ್ಡಿಗೆ ಅತ್ತಿಗೆ ರಬ್ಬರಿನ ತುಂಡೊಂದನ್ನು ಹೊಲಿದು ಉದ್ದ ಮಾಡಿದ್ದಾರೆ, ನೀರು ಅಷ್ಟು ಮೇಲಕ್ಕೆ ಎರಚದಿರಲೆಂದು. ಆ ಹೊಲಿಗೆಯನ್ನು ಬೇಕಾದರೆ ಹತ್ತಿರದಿಂದ ನೋಡಬಹುದು. ಕೋಟಿನ ಕಾಲರಿಗೆ ಹಾಕುವಷ್ಟೇ ಒತ್ತಾದ ಹೊಲಿಗೆ. ಈಗ ಯಾವ ಜೋಡಿ ಸಿಲಿಂಡರ್ ಬಂದರೂ ಅವರು ಮೊದಲು ಕಡ್ಡಿ ಹಿಡಿದು ಮುಂದಿನದರ ಪಕ್ಕ ಕೂರುತ್ತಾರೆ. ಹಾಗಂತ ಹಿಂದಿನದನ್ನು ಬಿಡುವುದಿಲ್ಲ. ಎರಡರ ಮೇಲೂ ಒಂದೇ ಅನುಮಾನ ಇಟ್ಟುಕೊಳ್ಳಬೇಕು ಎನ್ನುವುದು ಹೊಸ ನಿಯಮ.

ಬಿಸಿಲು ತಗಡಿನ ಮೇಲೆ ಬಂದಿದೆ. ಅಳತೆಯ ಕೆಲಸ ಮುಗಿಯಿತು. ಅತ್ತಿಗೆ ಉಕ್ಕಿನ ಪಟ್ಟಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಟ್ಟು, ಮೇಸ್ತ್ರಿಯ ಲೋಟಕ್ಕೆ ಅರ್ಧ ಮಾತ್ರ ಚಹಾ ಬಗ್ಗಿಸುತ್ತಾರೆ. ತುಂಬಿದರೆ ಚೆಲ್ಲುತ್ತದೆ. ದೂರದ ಊರಿಗೆ ಹೊರಟ ಸವಾರನೊಬ್ಬ ಗಾಡಿ ಒಯ್ಯಲು ಬಂದಿದ್ದಾನೆ. ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದಾನೆ, ಸಾಮಾನು ಕಟ್ಟಿದ್ದಾರೆ. ದಾರಿಯುದ್ದಕ್ಕೂ ನಿಮ್ಮನ್ನು ನೆನೆಸಿಕೊಳ್ಳುತ್ತೇವೆ ಅತ್ತಿಗೆ ಎಂದು ಆತ ಉಪಚಾರದ ಮಾತಾಡುತ್ತಾನೆ. ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬೇಡವೇ ಬೇಡ ಎಂದು ತಲೆಯಾಡಿಸುತ್ತಾರೆ.

"ದಾರೀಲಿ ನನ್ನ ನೆನಪೇ ಬರಬಾರದು. ಬಂತು ಅಂದ್ರೆ ಗಾಡಿ ನಿಂತಿದೆ ಅಂತ ಅರ್ಥ. ಗುಡ್ಡ ನೋಡಿ, ಹೊಳೆ ನೋಡಿ, ಇಬ್ಬರೂ ಜಗಳ ಬೇಕಾದ್ರೂ ಆಡಿ. ಇಂಜಿನ್ ಒಂದಿದೆ ಅನ್ನೋದೇ ಮರೆತುಹೋಗ್ಲಿ. ನನಗೆ ಅಷ್ಟು ಸಾಕು."